ಯುವರಾಜನ ಪಕ್ಕದ ಕುರ್ಚಿ

ಖಮರುದ್ದೀನನಿಗೆ ಐವತ್ತೈದು ತುಂಬಿದರೂ ಕೊಲ್ಲಿ ನಾಡಿನ ದೇರಾದ ಬಟ್ಟೆ ಬಜಾರಿನಲ್ಲಿ ಅವನ ಹೆಸರು ಇನ್ನೂ ವಲೀ ಅಹದ್, ಅಂದರೆ ಯುವರಾಜ. ಹೆಸರಿಟ್ಟವರು ಪ್ರೀತಿಯಿಂದಲೇ ಇಟ್ಟಿದ್ದರು. ಆಗ ಅವನ ತಲೆತುಂಬ ಕಪ್ಪು ಕೂದಲಿತ್ತು, ಹೆಗಲ ಮೇಲೆ ಬಟ್ಟೆಯ ಥಾನು ಹೊತ್ತು ಮೆಟ್ಟಿಲನ್ನು ಓಡಿ ಹತ್ತುತ್ತಿದ್ದ. ಈಗ ಕೂದಲು ಹೋಯಿತು, ಮೊಣಕಾಲು ಹೋಯಿತು, ಹೆಸರು ಮಾತ್ರ ಗಟ್ಟಿಯಾಗಿ ಅಂಟಿಕೊಂಡಿದೆ. ಯುವರಾಜನಾಗಿದ್ದುಕೊಂಡೇ ಮುದುಕನಾಗುವುದೂ ಒಂದು ಬಗೆಯ ಬದುಕು. ಅದರಲ್ಲಿ ಕಷ್ಟವೇನೂ ಇಲ್ಲ, ಆಯಾಸ ಮಾತ್ರ ಹೇಳತೀರದು.

ರಾಜ ಯಾರೆಂದರೆ ದೊಡ್ಡಪ್ಪ. ಭಟ್ಕಳದಿಂದ ಹಡಗು ಹತ್ತಿ ಬಂದು, ಬೇರೆಯವರ ಅಂಗಡಿಯ ಕಸ ಗುಡಿಸಿ, ಆಮೇಲೆ ಸ್ವಂತ ಅಂಗಡಿ ಹಾಕಿದ ಮನುಷ್ಯ. ವಯಸ್ಸು ಎಂಬತ್ತಾರು. ಒಂದು ಕಿವಿ ಕೇಳುವುದಿಲ್ಲ, ಇನ್ನೊಂದು ತನಗೆ ಬೇಕಾದ್ದನ್ನಷ್ಟೇ ಕೇಳುತ್ತದೆ. ಗಂಡುಮಕ್ಕಳಿಲ್ಲದ್ದರಿಂದ ತೀರಿಹೋದ ತಮ್ಮನ ಮಗ ಖಮರುದ್ದೀನನೇ ಮುಂದಿನ ಒಡೆಯ ಎಂದು ಎಲ್ಲರಿಗೂ ಗೊತ್ತು. ಆದರೆ ಅಂಗಡಿಯ ಕೀಲಿಕೈ ಮಾತ್ರ ದೊಡ್ಡಪ್ಪನ ಹಸಿರು ಬೆಲ್ಟಿನ ಚೀಲದಲ್ಲಿರುತ್ತದೆ. ಖಮರುದ್ದೀನ್ ದಿನಾ ಬೆಳಿಗ್ಗೆ ಕರಾಮದ ತನ್ನ ಫ್ಲ್ಯಾಟಿನಿಂದ ಮಿರ್ದಿಫ್‌ನ ವಿಲ್ಲಾಕ್ಕೆ ಹೋಗಬೇಕು, ಸಲಾಂ ಹೇಳಿ ಕೀಲಿಕೈ ಇಸಿದುಕೊಳ್ಳಬೇಕು, ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದು ದೇರಾಕ್ಕೆ ಬಂದು ಶಟರ್ ಎತ್ತಬೇಕು. ಸಂಜೆ ಮತ್ತೆ ಅಲ್ಲಿಗೇ ಹೋಗಿ ಒಪ್ಪಿಸಬೇಕು. ಕರಾಮದಲ್ಲಿ ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಇನ್ನೊಂದು ಕೀಲಿಕೈ ಮಾಡಿಕೊಡುತ್ತಾರೆ. ಮಾಡಿಸುವ ಧೈರ್ಯ ಇದುವರೆಗೆ ಯಾರಿಗೂ ಬಂದಿಲ್ಲ.

ಇಂಥವನನ್ನು ಶಾಮಸುಂದರ ನಾಟಕಕ್ಕೆ ಹುಡುಕಿಕೊಂಡು ಬಂದ. ಶಾಮಸುಂದರ ಕುಂದಾಪುರದವನು, ಡಿಸ್ಕವರಿ ಗಾರ್ಡನ್ಸ್‌ನಲ್ಲಿ ವಾಸ, ಯಾವುದೋ ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸ. ಉಳಿದ ಹೊತ್ತೆಲ್ಲ ನಾಟಕದ ಹುಚ್ಚು. ಈ ಸಲ ಅಬುಧಾಬಿಯ ಕನ್ನಡ ಕೂಟದ ಹಬ್ಬಕ್ಕೆ ಅವನು ಬರೆದದ್ದು ಆಸ್ಟ್ರಿಯಾ ದೇಶದ ಒಬ್ಬ ಯುವರಾಜನ ಕತೆ. ನೂರು ವರ್ಷಕ್ಕೂ ಹಿಂದೆ ಕಾರಿನಲ್ಲಿ ಗುಂಡೇಟು ತಿಂದು ಸತ್ತವನು. ಅವನ ಸಾವಿನ ನೆಪದಿಂದ ಮೊದಲನೆಯ ಮಹಾಯುದ್ಧ ಹೊತ್ತಿಕೊಂಡಿತು.

"ಆದ್ರೆ ಖಮರಣ್ಣ, ನಮ್ಮ ನಾಟಕದಲ್ಲಿ ಗುಂಡು ಇಲ್ಲ," ಅಂದ ಶಾಮಸುಂದರ, ಕರಾಮದ ಹೋಟೆಲಿನಲ್ಲಿ ಬನ್ಸ್ ಮುರಿಯುತ್ತ. "ಗುಂಡು ಎಲ್ಲರಿಗೂ ಗೊತ್ತುಂಟು. ಅದರ ಮೊದಲು ಆ ಮನುಷ್ಯ ಎಂತ ಮಾಡ್ತಿದ್ದ ಅಂತ ಯಾರಿಗೂ ಗೊತ್ತಿಲ್ಲ ಮಾರಾಯ್ರೆ."

"ಎಂತ ಮಾಡ್ತಿದ್ದ?"

"ಕಾಯ್ತಿದ್ದ."

ಖಮರುದ್ದೀನ್ ಚಹಾದ ಲೋಟ ಕೆಳಗಿಟ್ಟ. ಶಾಮಸುಂದರ ಹೇಳುತ್ತ ಹೋದ. ಅವನ ದೊಡ್ಡಪ್ಪ ಚಕ್ರವರ್ತಿ. ಸಿಂಹಾಸನ ಬಿಡುವುದಿಲ್ಲ, ಅಧಿಕಾರ ಹಂಚುವುದಿಲ್ಲ, ಸಾಯುವುದೂ ಇಲ್ಲ. ಹೊತ್ತು ಕಳೆಯಲು ಈ ಯುವರಾಜ ಬೇಟೆಯಾಡಿದ. ಸತ್ತ ಪ್ರಾಣಿಗಳ ಲೆಕ್ಕ ಲಕ್ಷ ದಾಟಿತು. ನಮ್ಮ ಹಿಂದೂಸ್ತಾನಕ್ಕೂ ಬಂದು ಹುಲಿ ಹೊಡೆದು ಹೋದ. ಗುಲಾಬಿ ತೋಟ ಮಾಡಿದ. ಕೊನೆಗೆ ಪ್ರೀತಿಸಿ ಮದುವೆಯಾದದ್ದು ರಾಜಮನೆತನಕ್ಕೆ ಸರಿಸಮ ಅಲ್ಲದ ಹೆಣ್ಣನ್ನು. ದೊಡ್ಡಪ್ಪ ಒಪ್ಪಿದ, ಆದರೆ ಷರತ್ತು ಹಾಕಿದ. ನಿನ್ನ ಮಕ್ಕಳಿಗೆ ಸಿಂಹಾಸನ ಇಲ್ಲ ಅಂತ ಎಲ್ಲರೆದುರು ಆಣೆ ಮಾಡು. ಮಾಡಿದ. ಅರಮನೆಯ ಸಮಾರಂಭಗಳಲ್ಲಿ ಅವಳು ಗಂಡನ ಪಕ್ಕ ನಿಲ್ಲುವಂತಿರಲಿಲ್ಲ. ಎಲ್ಲ ರಾಜಕುವರಿಯರು ಒಳಗೆ ಹೋದ ಮೇಲೆ, ಕೊನೆಯಲ್ಲಿ, ಒಬ್ಬಳೇ ಹೋಗಬೇಕು.

"ಒಂದೇ ಒಂದು ಕಡೆ ಮಾತ್ರ ಪಕ್ಕ ಕೂರಬಹುದಿತ್ತು," ಅಂದ ಶಾಮಸುಂದರ. "ಅವನು ಸೈನ್ಯದ ಅಧಿಕಾರಿಯಾಗಿ ಹೊರಗಿನ ಊರಿಗೆ ಹೋದಾಗ. ಹಾಗೆ ಬೊಸ್ನಿಯಾಕ್ಕೆ ಹೋದ. ತೆರೆದ ಕಾರಿನಲ್ಲಿ, ಹೆಂಡತಿ ಪಕ್ಕದಲ್ಲಿ. ಅಲ್ಲಿಗೆ ನಮ್ಮ ನಾಟಕ ಖಲಾಸ್."

ನಿಮಗೆ ಮೀಸೆ ಉಂಟು, ಹೊಟ್ಟೆ ಉಂಟು, ಭಟ್ಕಳದ ಕನ್ನಡ ಶಾಲೆಯಲ್ಲಿ ಕಲಿತ ಕನ್ನಡ ಉಂಟು ಎಂದು ಅವನು ಹುರಿದುಂಬಿಸಿದ. ಖಮರುದ್ದೀನ್ ಅವತ್ತೇ ಹೂಂ ಅಂದ. ಯಾಕೆ ಅಂದನೆಂದು ಹೇಳುವುದಕ್ಕೆ ಅವನ ಮದುವೆಯ ವಿಷಯ ಹೇಳಬೇಕು.

ಅವನ ಹೆಂಡತಿ ರುಬೀನ ಹಾವೇರಿಯವಳು. ಧಾರವಾಡದಲ್ಲಿ ಓದುವಾಗ ಪರಿಚಯ. ಅವಳೂ ಮುಸ್ಲಿಮಳೇ, ಆದರೆ ಖಮರುದ್ದೀನನ ಮನೆಯವರಂತೆ ಭಟ್ಕಳದ ನವಾಯತಳಲ್ಲ. ಮನೆಮಾತು ಬೇರೆ, ಊರು ಬೇರೆ, ಅವಳ ಅಪ್ಪ ಹೈಸ್ಕೂಲು ಮಾಸ್ತರು. ಗಂಡಹೆಂಡತಿಗೆ ಸೇರಿ ಇರುವ ಒಂದೇ ಭಾಷೆ ಕನ್ನಡ. ನವಾಯತರಲ್ಲಿ ಹೊರಗಿನ ಹೆಣ್ಣು ತರುವ ರೂಢಿ ಆಗ ಇರಲಿಲ್ಲವೆಂದೇ ಹೇಳಬೇಕು. ದೊಡ್ಡಪ್ಪ ಕೂಗಾಡಲಿಲ್ಲ. ಹಿರಿಯರನ್ನು ನಾಲ್ಕು ಜನ ಕೂರಿಸಿ, ಅಂಗಡಿ ನಿನಗೆ, ನಿನ್ನ ನಂತರ ನನ್ನ ಮಗಳು ಸಾಲಿಹಾಳ ಮಕ್ಕಳಿಗೆ, ನಿನ್ನ ಮಕ್ಕಳು ಕೇಳಕೂಡದು ಅಂದರು. ಖಮರುದ್ದೀನ್ ಮಾತು ಕೊಟ್ಟ. ಅದು ಅವನನ್ನು ಅಷ್ಟೇನೂ ಕಾಡಲಿಲ್ಲ. ಮಗಳು ದುಆ ಈಗ ಅಬುಧಾಬಿಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾಳೆ, ಅವಳಿಗೆ ಲುಂಗಿ ಥಾನುಗಳ ಮೇಲೆ ಯಾವ ಆಸೆಯೂ ಇಲ್ಲ.

ಕಾಡಿದ್ದು ತಟ್ಟೆ.

ದೊಡ್ಡಪ್ಪನ ಮನೆಯಲ್ಲಿ ಶುಕ್ರವಾರದ ಊಟ ದೊಡ್ಡ ತಟ್ಟೆಯಲ್ಲಿ. ಒಂದೇ ತಟ್ಟೆಯ ಸುತ್ತ ಐದಾರು ಜನ ನೆಲದ ಮೇಲೆ ಕೂತು, ಅವರವರ ಮುಂದಿನ ಅನ್ನ ಅವರವರು ಉಣ್ಣುವುದು. ಗಂಡಸರಿಗೆ ಹೊರಗಿನ ಹಾಲಿನಲ್ಲಿ, ಹೆಂಗಸರಿಗೆ ಒಳಗೆ. ಮನೆಯವರಲ್ಲದವರು ಬಂದರೆ ಅವರಿಗೆ ಬೇರೆ ಪ್ಲೇಟು. ಗಾಜಿನದು, ಹೂವಿನ ಅಂಚಿನದು. ರುಬೀನ ಮದುವೆಯಾಗಿ ಬಂದ ಮೊದಲ ಶುಕ್ರವಾರ ಅವಳ ಮುಂದೆ ಗಾಜಿನ ಪ್ಲೇಟು ಬಂತು. ಇಪ್ಪತ್ತೇಳು ವರ್ಷವಾದರೂ ಅದೇ ಬರುತ್ತಿದೆ. ಮಾಂಸದ ಒಳ್ಳೆಯ ತುಂಡು ಆರಿಸಿ ಅವಳಿಗೇ ಬಡಿಸುತ್ತಾರೆ, ಇನ್ನೂ ಸ್ವಲ್ಪ ಎಂದು ಒತ್ತಾಯ ಮಾಡುತ್ತಾರೆ, ಹೋಗುವಾಗ ಡಬ್ಬಿ ಕಟ್ಟಿಕೊಡುತ್ತಾರೆ. ಬೈದಿದ್ದರೆ ಜಗಳ ಆಡಬಹುದಿತ್ತು. ಉಪಚಾರ ಮಾಡುವವರ ಮೇಲೆ ಹೇಗೆ ಜಗಳ ಆಡುವುದು?

ಮೊದಮೊದಲು ರುಬೀನ ಅತ್ತಳು. ಆಮೇಲೆ ಸಿಟ್ಟು ಮಾಡಿದಳು. ಆಮೇಲೆ ಹೇಳುವುದನ್ನೇ ಬಿಟ್ಟಳು. ಅವಳು ಬಿಟ್ಟದ್ದನ್ನು ಖಮರುದ್ದೀನ್ ತಾನು ಹಿಡಿದುಕೊಂಡ. ತಾನು ಒಡೆಯನಾಗುವ ದಿನ ಬರಲಿ, ಮೊದಲು ಆ ಗಾಜಿನ ಪ್ಲೇಟನ್ನು ಒಡೆದುಹಾಕಿ, ಹೆಂಡತಿಯನ್ನು ಕರೆದು ಮನೆಯ ತಟ್ಟೆಗೆ ಕೂರಿಸುತ್ತೇನೆ ಎಂದು ಮನಸ್ಸಿನಲ್ಲೇ ಶಪಥ ಮಾಡಿದ. ಆ ದಿನ ಬಂದೇ ಇಲ್ಲ. ಕಾದು ಕಾದು ಆ ಆಸೆಗೂ ತಲೆ ನರೆಯಿತು.

ಆದ್ದರಿಂದ ಅವನು ನಾಟಕಕ್ಕೆ ಒಪ್ಪಿದ.

ತಾಲೀಮು ಶನಿವಾರ ಮಧ್ಯಾಹ್ನ, ಅಲ್ ಕೂಜ್‌ನ ಒಂದು ಗೋದಾಮಿನಲ್ಲಿ. ಅಂಗಡಿಗಳ ಬೋರ್ಡು ತಯಾರಿಸುವ ಜಾಗ. ಯುವರಾಜನ ಹೆಂಡತಿಯ ಪಾತ್ರದ ವೆಲಿಟಾ ಅಲ್ಲಿ ಅರ್ಧ ಉರಿಯುವ ಅಕ್ಷರಗಳ ನಡುವೆ ನಿಂತು ಮಾತು ಒಪ್ಪಿಸಬೇಕು. ವೆಲಿಟಾ ಮಂಗಳೂರಿನ ಹುಡುಗಿ, ಆಸ್ಪತ್ರೆಯಲ್ಲಿ ನರ್ಸು. ತೆರೆದ ಕಾರೆಂದರೆ ಎರಡು ಪ್ಲಾಸ್ಟಿಕ್ ಕುರ್ಚಿ, ಅದರ ಮುಂದೆ ಇನ್ನೊಂದರಲ್ಲಿ ಡ್ರೈವರ್. ರುಬೀನ ಗಂಡನ ಜೊತೆ ಬಂದು ಗೋಡೆಗೊರಗಿ ಕೂರುತ್ತಿದ್ದಳು. ಮನೆಯಲ್ಲಿ ಒಬ್ಬಳೇ ಕೂತು ಏನು ಮಾಡುವುದು ಅಂದಿದ್ದಳು. ಮೂರನೆಯ ವಾರ ವೆಲಿಟಾ ಬರಲಿಲ್ಲ.

"ಸಾರಿ ಶಾಮಣ್ಣ, ನಂಗೆ ಡ್ಯೂಟಿ ಹಾಕಿದ್ರು, ಎಂತ ಮಾಡುದು," ಎಂದು ಅವಳ ಧ್ವನಿ ಫೋನಿನಿಂದ ಎಲ್ಲರಿಗೂ ಕೇಳಿತು.

ಶಾಮಸುಂದರ ತಲೆ ಕೆರೆದುಕೊಂಡು ಸುತ್ತ ನೋಡಿದ. "ರುಬೀನಕ್ಕ, ಒಂದು ಸಲ ಇಲ್ಲಿ ಬಂದು ಕೂರ್ತೀರಾ? ಸುಮ್ನೆ ಓದಿದ್ರೆ ಸಾಕು."

ರುಬೀನ ಎದ್ದು ಬಂದು ಗಂಡನ ಪಕ್ಕದ ಕುರ್ಚಿಯಲ್ಲಿ ಕೂತಳು. ಕಾಗದ ಕೊಡಲು ಹೋದರೆ ಬೇಡ ಅಂದಳು. ಮಾತೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಬೊಸ್ನಿಯಾದ ಬೀದಿಯ ದೃಶ್ಯದ ಕೊನೆಗೆ ಯುವರಾಜನ ಹೆಂಡತಿ ಡ್ರೈವರನಿಗೆ ಹೇಳಬೇಕು: "ಇಷ್ಟು ವರ್ಷ ಎಲ್ಲರ ಹಿಂದೆ ನಡೆದೆ. ಇವತ್ತೊಂದು ದಿನ ಇವರ ಪಕ್ಕದಲ್ಲಿ ಕೂತಿದ್ದೇನೆ. ಕಾರು ನಿಧಾನ ಹೋಗಲಿ."

ಮಾಸ್ತರ ಮಗಳು, ಒಂದಕ್ಷರ ತಪ್ಪದೆ ಹೇಳಿದಳು. ಡ್ರೈವರ್ ಪಾತ್ರದ ಹುಡುಗ ಸ್ಟಿಯರಿಂಗ್ ತಿರುಗಿಸುವುದನ್ನೇ ಮರೆತ. ಖಮರುದ್ದೀನನಿಗೆ ಮಾತ್ರ ಮೊಣಕಾಲಿನ ಯೋಚನೆ. ಇಷ್ಟು ಹೊತ್ತು ಕೂತರೆ ಏಳುವಾಗ ಹಿಡಿದುಕೊಳ್ಳುತ್ತದೆ, ಏನನ್ನು ಹಿಡಿದು ಏಳಲಿ ಎಂದು ಅವನು ಆ ಕಡೆ ಈ ಕಡೆ ನೋಡುತ್ತಿದ್ದ.

ಮನೆಗೆ ಹೋಗುವಾಗ ಲಾರಿಗಳ ನಡುವೆ ರುಬೀನ ಅಂದಳು, "ನಿಧಾನ ಹೊಡೀರಿ."

ಅವಳಿಗೆ ಲಾರಿ ಕಂಡರೆ ಹೆದರಿಕೆಯೆಂದು ಅವನು ನಿಧಾನ ಮಾಡಿದ.

ಆಮೇಲಿನ ವಾರಗಳಲ್ಲಿ ವೆಲಿಟಾ ಬಂದದ್ದಕ್ಕಿಂತ ಬಾರದಿದ್ದದ್ದೇ ಹೆಚ್ಚು. ಪ್ರದರ್ಶನಕ್ಕೆ ಎರಡು ವಾರ ಇರುವಾಗ ಒಂದು ಸಂಜೆ ರುಬೀನ ಅಡುಗೆಮನೆಯಿಂದಲೇ ಕೂಗಿ ಹೇಳಿದಳು: "ಕೇಳಿದ್ರೇನ್ರಿ? ವೆಲಿಟಾಗ ಆವತ್ತು ರಜಾ ಸಿಗೂದಿಲ್ಲಂತ. ಶಾಮಣ್ಣ ಪಾರ್ಟು ನೀವ ಮಾಡ್ರಿ ಅಂತಾನ. ನಾ ಹೂಂ ಅಂದೀನಿ."

ಖಮರುದ್ದೀನ್ ಸೋಫಾದಲ್ಲಿ ಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಂಡಿದ್ದ. "ನಿನಗೆ ಯಾಕೆ ಮಾರಾಯ್ತಿ ಆ ತಲೆನೋವು? ಪಾಪ, ನಿನ್ನ ತಲೆಗೆ ಕಟ್ಟಿದ್ರಾ," ಅಂದ. ಅಡುಗೆಮನೆಯಿಂದ ಉತ್ತರ ಬರಲಿಲ್ಲ. ಒಗ್ಗರಣೆಯ ಸದ್ದಿಗೆ ಕೇಳಿರಲಿಕ್ಕಿಲ್ಲ ಅಂದುಕೊಂಡ. ಮಾರನೆಯ ದಿನ ಅವಳು ಕರಾಮದ ಅಂಗಡಿಯೊಂದರಿಂದ ನಾಟಕಕ್ಕೆಂದು ಅಗಲ ಅಂಚಿನ ಬಿಳಿ ಟೋಪಿ ತಂದಳು. ಕನ್ನಡಿಯೆದುರು ಇಟ್ಟುಕೊಂಡು ನೋಡಿ, ತಾನೇ ನಕ್ಕು, ಕಪಾಟಿನ ಮೇಲೆ ಇಟ್ಟಳು. ಅದನ್ನೂ ಅವನು ನೋಡಿದ. ನೋಡುವುದಷ್ಟೇ.

ಸೋಮವಾರ ಕೀಲಿಕೈ ಒಪ್ಪಿಸಲು ಹೋದಾಗ ದೊಡ್ಡಪ್ಪ ಅವನನ್ನು ಕೂರಿಸಿಕೊಂಡರು. ಸಾಲಿಹಾ ಚಹಾ ತಂದಿಟ್ಟು ಒಳಗೆ ಹೋಗದೆ ಬಾಗಿಲಲ್ಲೇ ನಿಂತಳು. ಆ ಮನೆಯ ಮಾತು ನವಾಯತಿ. ದೊಡ್ಡಪ್ಪ ಅದನ್ನು ಹಳೆಯ ಕಾಲದ ಗಾಂಭೀರ್ಯದಲ್ಲಿ ಆಡುತ್ತಾರೆ.

"ಮುಖಕ್ಕೆ ಬಣ್ಣ ಹಚ್ಚಿಕೊಂಡು ರಾಜನ ವೇಷ ಹಾಕುತ್ತೀಯಂತೆ."

"ಕನ್ನಡ ಕೂಟದ ಹಬ್ಬ. ನಾಟಕ."

"ಈ ವಯಸ್ಸಿನಲ್ಲಿ."

ದೊಡ್ಡಪ್ಪ ತುಂಬ ಹೊತ್ತು ಅವನ ಮುಖ ನೋಡಿದರು. ಆ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಅವರೂ ದಣಿದಿದ್ದರು. ತಾನು ಮುದುಕನಾದದ್ದು ಸರಿ, ಈ ಹುಡುಗ ಯಾವಾಗ ಮುದುಕನಾದ ಎಂದು ಯೋಚಿಸುತ್ತಿದ್ದಂತೆ ಕಂಡಿತು.

"ಬಜಾರಿನಲ್ಲಿ ಜನ ನಗುತ್ತಾರೆ," ಅಂದರು. "ಬಿಟ್ಟುಬಿಡು. ನೀನು ನನ್ನ ಹತ್ತಿರ ಏನನ್ನೂ ಕೇಳಿಲ್ಲ, ನನಗೆ ಗೊತ್ತು. ಕೇಳದೆ ಇದ್ದದ್ದು ಯಾವುದೆಂದೂ ಗೊತ್ತು. ನಾಟಕ ಬಿಡು. ಈ ಶುಕ್ರವಾರ ಹೆಂಡತಿಯನ್ನು ಕರೆದುಕೊಂಡು ಬಾ. ಅವಳು ಸಾಲಿಹಾಳ ಜೊತೆ ಮನೆಯ ತಟ್ಟೆಗೆ ಕೂರಲಿ."

ಬಾಗಿಲಲ್ಲಿ ನಿಂತ ಸಾಲಿಹಾ ನೆಲ ನೋಡುತ್ತಿದ್ದಳು. ಖಮರುದ್ದೀನ್ ಚಹಾದ ಬಟ್ಟಲು ಬದಿಗಿಟ್ಟ. ಅವನು ಬಗ್ಗಿ ದೊಡ್ಡಪ್ಪನ ಕೈ ಹಿಡಿದು ಕಣ್ಣಿಗೊತ್ತಿಕೊಂಡ. ಇದನ್ನು ಇಷ್ಟು ಸುಲಭವಾಗಿ ಕೊಡಬಹುದಾಗಿದ್ದರೆ ಇಪ್ಪತ್ತೇಳು ವರ್ಷ ಯಾಕೆ ಕೊಡಲಿಲ್ಲ ಎಂಬ ಪ್ರಶ್ನೆ ಆಗ ಬರಲಿಲ್ಲ. ಕಾಯುವುದು ರೂಢಿಯಾದವನಿಗೆ ಸಿಕ್ಕಿದಾಗ ಲೆಕ್ಕ ಕೇಳುವುದು ತಿಳಿಯುವುದಿಲ್ಲ.

ಮಾರನೆಯ ದಿನ ಅಂಗಡಿಯಿಂದಲೇ ಶಾಮಸುಂದರನಿಗೆ ಫೋನ್ ಮಾಡಿ, ನಾನು ನಾಟಕದಲ್ಲಿಲ್ಲ ಅಂದ. ಶಾಮಸುಂದರ ಮೊದಲು ತಮಾಷೆಯೆಂದುಕೊಂಡ, ಆಮೇಲೆ ಬೈದ, ಆಮೇಲೆ ಬೇಡಿಕೊಂಡ.

"ಮನೆ ವಿಷಯ ಶಾಮಣ್ಣ. ದೊಡ್ಡ ವಿಷಯ. ಬಿಡಲೇಬೇಕು."

"ಮಂತ್ರಿ ಪಾರ್ಟಿನ ಸೆಡ್ರಿಕ್ ನಿಮ್ಮ ಮಾತು ಕಲಿತಾನೆ, ಅವನ ಪಾರ್ಟು ಬೇರೆಯವರಿಗೆ ಕೊಡ್ಬಹುದು. ಅದಲ್ಲ. ರುಬೀನಕ್ಕನ ಪಾರ್ಟು?"

"ಅವಳಿಗೆ ಬಿಡುಗಡೆ ಆಯ್ತು ಅಂತ ಇಟ್ಕೊಳ್ಳಿ."

"ಅವರನ್ನು ಕೇಳಿದ್ರಾ?"

"ಕೇಳುದೆಂತ? ಅವಳಿಗೆ ಎಂತ ಬೇಕು ಅಂತ ನನಗೆ ಗೊತ್ತಿಲ್ವಾ?"

ಆ ಕಡೆ ಶಾಮಸುಂದರ ಉಸಿರುಬಿಟ್ಟದ್ದು ಕೇಳಿತು. "ಆಯ್ತು ಖಮರಣ್ಣ," ಅಂದು ಇಟ್ಟುಬಿಟ್ಟ.

ರುಬೀನಳಿಗೆ ಅವನು ಷರತ್ತಿನ ಮಾತು ಹೇಳಲಿಲ್ಲ. ಶುಕ್ರವಾರ ದೊಡ್ಡಪ್ಪ ಊಟಕ್ಕೆ ಕರೆದಿದ್ದಾರೆ, ಈ ಸಲ ವಿಶೇಷ ಇದೆ ಅಂದ, ಅಷ್ಟೇ. ಒಳಗೆ ಹೋಗಿ ತಾನೇ ನೋಡಲಿ, ಮುಖ ಅರಳಲಿ ಎಂದು ಆಸೆ. ಮೂರು ದಿನ ಹಬ್ಬ ಬಂದ ಮನೆಯಂತೆ ಓಡಾಡಿದ. ತಾನೇ ಹೋಗಿ ಅವಳಿಗೆ ಹೊಸ ಬಟ್ಟೆ ತಂದ, ಹಸಿರು ರೇಷ್ಮೆಯ ಸಲ್ವಾರು. ರುಬೀನ ಬಟ್ಟೆ ಮುಟ್ಟಿ ನೋಡಿ, ಗಂಡನ ಮುಖ ನೋಡಿ, "ಚಲೋ ಐತ್ರಿ" ಅಂದಳು. ಮಗಳು ದುಆಗೆ ಮಾತ್ರ ಗುಟ್ಟು ಹೇಳಿದಾಗ ಅವಳು ಫೋನಿನಲ್ಲಿ, "ಪಪ್ಪಾ, ಆರ್ ಯು ಶ್ಯೂರ್ ಮಮ್ಮಾ ವಾಂಟ್ಸ್ ದಿಸ್?" ಎಂದು ಕೇಳಿದಳು. ಈ ಕಾಲದ ಮಕ್ಕಳಿಗೆ ತಟ್ಟೆಯ ಬೆಲೆ ಏನು ಗೊತ್ತು ಎಂದು ಅವನು ಮಾತು ತಿರುಗಿಸಿದ.

ಶುಕ್ರವಾರ ಜುಮಾ ನಮಾಜು ಮುಗಿಸಿ ಮಿರ್ದಿಫ್‌ಗೆ ಹೋದರು. ಸಾಲಿಹಾ ಬಾಗಿಲಿಗೇ ಬಂದು ರುಬೀನಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಖಮರುದ್ದೀನ್ ಹೊರಗೆ ಗಂಡಸರ ತಟ್ಟೆಯ ಸುತ್ತ ಕೂತ. ಪಕ್ಕದಲ್ಲಿ ದೊಡ್ಡಪ್ಪ, ಎದುರಿಗೆ ಸಾಲಿಹಾಳ ಮಗ ಅನಸ್. ಒಳಗಿನ ಬಾಗಿಲಿಗೆ ಪರದೆ. ಪರದೆಯ ಆಚೆ ಬಳೆಗಳ ಸದ್ದು, ತಟ್ಟೆ ಇಟ್ಟ ಸದ್ದು. "ಭಾಬಿ, ಇಲ್ಲಿ ಬನ್ನಿ, ನನ್ನ ಪಕ್ಕ," ಎಂಬ ಸಾಲಿಹಾಳ ದನಿ. ಖಮರುದ್ದೀನ್ ತುತ್ತು ಕೈಯಲ್ಲೇ ಹಿಡಿದು ಕಿವಿಗೊಟ್ಟ. ನಗು ಕೇಳೀತೆಂದು ಕಾದ. ಹೆಂಗಸರ ನಡುವೆ ಸಾಮಾನ್ಯವಾಗಿ ಕೇಳುವ ಗಲಗಲವೂ ಇರಲಿಲ್ಲ.

"ತಿನ್ನು," ಅಂದರು ದೊಡ್ಡಪ್ಪ. "ಕೊಟ್ಟ ಮಾತು ನಡೆಸಿದ್ದೇನೆ."

ಅವನು ತಿಂದ. ಅನ್ನ ಒಳ್ಳೆಯದಿತ್ತು. ಇಷ್ಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಊಟ ಇವತ್ತು ಸಲೀಸಾಗಿ ಇಳಿಯಬೇಕಿತ್ತು. ಯಾಕೋ ಇಳಿಯಲಿಲ್ಲ.

ಕಾರು ಹತ್ತಿದ ಮೇಲೆ ಅವನು ತಡೆದುಕೊಳ್ಳಲಾರದೆ ಕೇಳಿದ. "ಹೇಗಾಯ್ತು ಊಟ?"

"ಅನ್ನ ಚಲೋ ಇತ್ತು." ರುಬೀನ ಸೀಟ್ ಬೆಲ್ಟ್ ಎಳೆದುಕೊಂಡಳು. ಮಡಿಲಲ್ಲಿ ಎಂದಿನ ಡಬ್ಬಿ ಇರಲಿಲ್ಲ. ಮನೆಯವರಿಗೆ ಯಾರೂ ಡಬ್ಬಿ ಕಟ್ಟಿಕೊಡುವುದಿಲ್ಲ.

"ಅಷ್ಟೆಯಾ? ಮನೆ ತಟ್ಟೆಗೆ ಕೂರಿಸಿದ್ರಲ್ಲ. ಎಷ್ಟು ವರ್ಷದಿಂದ..."

"ಕೂಡಿಸಿದ್ರು. ಎಲ್ಲಾರೂ ನನ್ನ ಕೈ ನೋಡಾಕತ್ತಿದ್ರು. ಹೆಂಗ ಉಣ್ಣೂದು ಅನ್ನೂದ ನನಗ ಮರ್ತಂಗಾತು." ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿದಳು. "ಗಾಜಿನ ಪ್ಲೇಟನ ಚಲೋ ಇತ್ರಿ. ಯಾರೂ ನೋಡ್ತಿರಲಿಲ್ಲ. ರೂಢಿ ಆಗಿತ್ತು. ಸಾಲಿಹಾ ಅಂದ್ಲು, ನಿಮ್ಮ ಸಲುವಾಗಿ ಭಾಯಿ ನಾಟಕಾನ ಬಿಟ್ರು ಅಂತ."

"ಹೌದು ಮತ್ತೆ. ನಿನ್ನ ಸಲುವಾಗಿಯೇ ಬಿಟ್ಟೆ."

"ನನಗ ಗೊತ್ತಿತ್ತು. ಶಾಮಣ್ಣ ಮಂಗಳವಾರನ ಫೋನ್ ಮಾಡಿದ್ದ."

ಖಮರುದ್ದೀನ್ ಅವಳ ಕಡೆ ತಿರುಗಿದ. ಹಿಂದಿನ ಕಾರಿನವನು ಹಾರ್ನ್ ಬಾರಿಸಿದಾಗ ರಸ್ತೆ ನೋಡಿದ. "ಗೊತ್ತಿದ್ದೂ ಯಾಕೆ ಬಂದೆ?"

"ನೀವು ಅಷ್ಟು ಖುಷೀಲೆ ಇದ್ರಿ. ರೇಷ್ಮಿ ಬಟ್ಟಿ ತಂದ್ರಿ. ಹೆಂಗ ಒಲ್ಲೆ ಅನ್ನಲಿ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. "ಆ ತಟ್ಟಿ ಬೇಕು ಅಂತ ನಾ ಕೇಳಿ ಎಷ್ಟು ವರ್ಷ ಆತು? ದುಆ ಸಣ್ಣಾಕಿ ಇದ್ದಾಗ ಕೇಳಿದ್ದೆ. ಆಮ್ಯಾಲ ಬಿಟ್ಟೆ. ನೀವ ಹಿಡ್ಕೊಂಡು ಕುಂತ್ರಿ. ಅಲ್ಲಿ ಗೋದಾಮಿನ್ಯಾಗ ಮುರುಕ ಕುರ್ಚಿ ಮ್ಯಾಲ ನಿಮ್ಮ ಬಾಜೂ ಕುಂತಿದ್ನಲ್ಲ, ಮಂದಿ ಎದುರಿಗೆ. ಅಬುಧಾಬಿಯೊಳಗ ಅಷ್ಟು ಮಂದಿ ಎದುರಿಗೆ ಕುಂದ್ರಾಕಿ ಇದ್ದೆ. ನನಗ ಅಷ್ಟ ಸಾಕಾಗಿತ್ತು."

ಆಕ್ಸಿಲರೇಟರಿನಿಂದ ತಾನಾಗಿ ಅವನ ಕಾಲು ಎದ್ದು ಕಾರು ಮೆಲ್ಲಗಾಯಿತು. ಲಾರಿಗಳ ನಡುವೆ ಅವಳು ನಿಧಾನ ಹೊಡೀರಿ ಅಂದದ್ದು ನೆನಪಾಯಿತು. ಆಗ ಲಾರಿ ಅವಳ ಕಣ್ಣಿಗೆ ಬಿದ್ದಿರಲೂ ಇಲ್ಲ.

"ಯಾಕ, ಜಲ್ದಿ ಹೊಡೀರಿ," ಅಂದಳು ರುಬೀನ. "ಮನೀ ಮುಟ್ಟೂಣು. ಹಬ್ಬ ಹತ್ರ ಬಂತಲ್ಲ, ಇವತ್ತೂ ಆರಕ್ಕ ತಾಲೀಮು ಐತಿ."

"ತಾಲೀಮು?"

"ನೀವು ಬಿಟ್ರಿ. ನಾ ಎಲ್ಲಿ ಬಿಟ್ಟೀನಿ? ಸೆಡ್ರಿಕ್ ಇನ್ನೂ ಮಾತು ತಪ್ಪತಾನ, ಅವಂಗ ಹೇಳಿಕೊಡಬೇಕು."

"ದೊಡ್ಡಪ್ಪನಿಗೆ ಗೊತ್ತಾದರೆ? ಮತ್ತೆ ಆ ತಟ್ಟೆ..."

"ಹೋದ್ರ ಹೋಗ್ಲಿ. ಗಾಜಿಂದು ಐತಲ್ಲ."

ಕರಾಮದ ತಿರುವಿನಲ್ಲಿ ಸಿಗ್ನಲ್ಲಿಗೆ ಕಾರು ನಿಂತಿತು. ಈಗಲೇ ಶಾಮಸುಂದರನಿಗೆ ಫೋನ್ ಮಾಡಿ, ನಾನೇ ಮಾಡುತ್ತೇನೆ, ದೊಡ್ಡಪ್ಪ ಏನು ಬೇಕಾದರೂ ಅನ್ನಲಿ ಎಂದು ಹೇಳಿಬಿಡಬೇಕೆಂದು ಅವನಿಗೆ ನಿಜವಾಗಿಯೂ ಅನ್ನಿಸಿತು. ಕೈ ಫೋನಿನ ತನಕ ಹೋಯಿತು. ಸಂಜೆ ಅಂಗಡಿ ತೆರೆಯಬೇಕು, ಮುಚ್ಚಿದ ಮೇಲೆ ಕೀಲಿಕೈ ಒಪ್ಪಿಸಬೇಕು, ಆ ಮುದುಕನ ಮುಖ ನೋಡಬೇಕು ಎಂಬ ಯೋಚನೆ ಅಷ್ಟರಲ್ಲಿ ಬಂತು. ಕೈ ವಾಪಸು ಸ್ಟಿಯರಿಂಗಿಗೆ ಬಂತು. ಸಿಗ್ನಲ್ ಹಸಿರಾಯಿತು.

"ನಾಟಕದ ದಿನ ನಾನು ನೋಡಲಿಕ್ಕಾದರೂ ಬರ್ಲಾ?" ಎಂದು ಕೇಳಿದ. ದನಿ ತನಗೇ ಅಪರಿಚಿತವಾಗಿ ಕೇಳಿತು.

ರುಬೀನ ಅವನ ಕಡೆ ನೋಡಿದಳು. ಮುಖದಲ್ಲಿ ಪ್ರೀತಿಯೇ ಇತ್ತು, ಉಪಚಾರದ ನಗು ಇತ್ತು.

"ಬರ್ರಿ. ಯಾಕ ಬರಬಾರ್ದು?" ಅಂದಳು. "ಮುಂದಿನ ಸಾಲು ಅತಿಥಿಗಳಿಗೆ ಅಂತ ಬ್ಯಾರೇನ ಇಟ್ಟಾರ. ಅಲ್ಲಿ ಚಲೋ ಕುರ್ಚಿ ನೋಡಿ ನಿಮಗ ಕೂಡ್ಸಾಕ ಹೇಳ್ತೀನಿ."